ಫೈರ್ ಸ್ಟೇಷನ್ ನೋಡಲು ಪ್ರವಾಸಿಗರು ಬರುವ ಊರು

ನಾವಿರುವುದು ಕೊಲಂಬಸ್‌ನಲ್ಲಿ. ಒಹಾಯೋದ ದೊಡ್ಡ ಕೊಲಂಬಸ್ ಅಲ್ಲ, ಇಂಡಿಯಾನಾ ರಾಜ್ಯದ ಪುಟ್ಟ ಕೊಲಂಬಸ್. ಜನಸಂಖ್ಯೆ ಹೆಚ್ಚೂಕಮ್ಮಿ 50,000. ಎಷ್ಟು ಸಲ ಹೇಳಿದರೂ ನೆಂಟರು ಒಹಾಯೋದ ಹವಾಮಾನ ನೋಡಿ "ಹಿಮ ಬೀಳ್ತಿದೆಯಂತೆ, ಹುಷಾರು" ಅಂತ ಫೋನ್ ಮಾಡುತ್ತಾರೆ. ಯಜಮಾನರಿಗೆ ಇಲ್ಲಿನ ಕಮಿನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಹೆಸರಲ್ಲೇ ಕಮ್ಮಿ ಅಂತಿದೆಯಲ್ಲೇ, ಸಂಬಳ ಹೇಗೆ?"

ಕಮಿನ್ಸ್ ಅಂದರೆ ಡೀಸೆಲ್ ಎಂಜಿನ್. ಲಾರಿ, ಬಸ್ಸು, ಜನರೇಟರ್, ಎಲ್ಲದಕ್ಕೂ. ಕ್ಲೆಸ್ಸಿ ಕಮಿನ್ಸ್ ಎಂಬಾತ ಈ ಊರಿನ ಬ್ಯಾಂಕ್ ಮಾಲೀಕ ಡಬ್ಲ್ಯು. ಜಿ. ಅರ್ವಿನ್ ಅವರ ಕಾರು ಓಡಿಸುತ್ತಿದ್ದರು. ಡ್ರೈವರ್‌ನ ತಲೆ, ಮಾಲೀಕರ ದುಡ್ಡು. 1919ರಲ್ಲಿ ಕಂಪನಿ ಶುರುವಾಯಿತು. ಆಮೇಲೆ ಅದನ್ನು ಬೆಳೆಸಿದ್ದು ಅದೇ ಮನೆತನದ ಜೆ. ಅರ್ವಿನ್ ಮಿಲ್ಲರ್. ನಾನು ಹೇಳಹೊರಟ ಕಥೆ ಇವರದ್ದೇ.

ಬಂದ ಹೊಸದರಲ್ಲಿ ಒಂದು ದಿನ ಫೈರ್ ಸ್ಟೇಷನ್ ಮುಂದೆ ಜನ ಗುಂಪುಗೂಡಿದ್ದರು. ಎಲ್ಲೋ ಬೆಂಕಿ ಬಿದ್ದಿದೆ ಅಂತ ನನಗೆ ಗಾಬರಿ. ನೋಡಿದರೆ ಪ್ರವಾಸಿಗರು! ಕ್ಯಾಮೆರಾ ಹಿಡಿದುಕೊಂಡು ಇಟ್ಟಿಗೆ ಗೋಡೆಯ ಫೋಟೋ ತೆಗೆಯುತ್ತಿದ್ದರು. ಅದು ರಾಬರ್ಟ್ ವೆಂಚುರಿ ಎಂಬ ಹೆಸರಾಂತ ವಾಸ್ತುಶಿಲ್ಪಿ 1960ರ ದಶಕದಲ್ಲಿ ಮಾಡಿದ 4ನೇ ನಂಬರ್ ಫೈರ್ ಸ್ಟೇಷನ್ ಅಂತೆ. ಇಂಥ ಕಟ್ಟಡಗಳು ಊರ ತುಂಬ ಇವೆ. 1991ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಹೊಸತನದ ಕಟ್ಟಡಗಳಿಗೆ ಹೆಸರಾದ ಊರುಗಳ ಸಾಲಿನಲ್ಲಿ ನಮ್ಮ ಊರಿಗೆ ಆರನೇ ಜಾಗ ಕೊಟ್ಟಿತ್ತು. ಮುಂದಿದ್ದವು ಷಿಕಾಗೊ, ನ್ಯೂಯಾರ್ಕ್‌ನಂಥ ಮಹಾನಗರಗಳು.

ಆದದ್ದು ಹೀಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿನಲ್ಲಿ ಮಕ್ಕಳು ಜಾಸ್ತಿಯಾದರು, ಶಾಲೆ ಸಾಲದಾಯಿತು. ಅವಸರಕ್ಕೆ ಹೇಗೋ ನಾಲ್ಕು ಗೋಡೆ ಎಬ್ಬಿಸಿದರೆ ಸಾಕು ಅನ್ನುವ ಕಾಲ. ಆಗ ಮಿಲ್ಲರ್ ಒಂದು ಮಾತು ಮುಂದಿಟ್ಟರು: ಒಳ್ಳೆಯ ವಾಸ್ತುಶಿಲ್ಪಿಯನ್ನು ಕರೆಸಿ, ಅವರ ಫೀಸು ನಮ್ಮ ಕಂಪನಿಯ ಪ್ರತಿಷ್ಠಾನ ಕೊಡುತ್ತದೆ. ಕಟ್ಟುವ ಖರ್ಚು ನಿಮ್ಮದು. ಹ್ಯಾರಿ ವೀಸ್ ಮಾಡಿದ ಲಿಲಿಯನ್ ಸ್ಮಿಟ್ ಶಾಲೆ 1957ರಲ್ಲಿ ಎದ್ದಿತು. ಆಮೇಲೆ ಒಂದಾದ ಮೇಲೊಂದು ಶಾಲೆ. ಮುಂದೆ ಇದೇ ಏರ್ಪಾಡು ಊರಿನ ಬೇರೆ ಕಟ್ಟಡಗಳಿಗೂ ಬಂತು. ಪೋಸ್ಟ್ ಆಫೀಸು ಕೂಡ ಹಾಗೇ ಆದದ್ದು.

ನನಗೆ ಇದರಲ್ಲಿ ಹಿಡಿಸಿದ್ದು ದುಡ್ಡಲ್ಲ, ಷರತ್ತು. ಪ್ರತಿಷ್ಠಾನ ಕೆಲವು ವಾಸ್ತುಶಿಲ್ಪಿಗಳ ಹೆಸರಿನ ಪಟ್ಟಿ ಕೊಡುತ್ತದೆ. ಅದರಲ್ಲಿ ಯಾರು ಬೇಕು ಅಂತ ಆರಿಸುವುದು ಊರಿನವರು. ಕಿಟಕಿ ಎಲ್ಲಿರಬೇಕು, ಬಾಗಿಲು ಎಲ್ಲಿರಬೇಕು ಅಂತ ಕಂಪನಿ ಮೂಗು ತೂರಿಸುವ ಹಾಗಿಲ್ಲ. ಫೀಸು ಅನ್ನುವುದು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ದೊಡ್ಡ ಪಾಲನ್ನು ಊರೇ ಹಾಕಬೇಕು. ಹಾಗಾಗಿ ಆ ಶಾಲೆಗಳನ್ನು ಜನ "ಕಂಪನಿ ಕಟ್ಟಿಸಿಕೊಟ್ಟದ್ದು" ಅನ್ನುವುದಿಲ್ಲ, "ನಮ್ಮ ಶಾಲೆ" ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ಅಂಥದೊಂದು ಶಾಲೆಯಲ್ಲಿ ಓದಿದವರು. ಬೇರೆ ಊರಿಗೆ ಮದುವೆಯಾಗಿ ಹೋಗುವ ತನಕ ಎಲ್ಲಾ ಊರಿನ ಶಾಲೆಗಳೂ ಹೀಗೇ ಇರುತ್ತವೆ ಅಂದುಕೊಂಡಿದ್ದರಂತೆ.

ಇದು ಬರೀ ದೊಡ್ಡ ಮನಸ್ಸೇ? ಅಲ್ಲ. ಹೊಲಗಳ ನಡುವಿನ ಸಣ್ಣ ಊರಿಗೆ ಒಳ್ಳೆಯ ಎಂಜಿನಿಯರುಗಳು ಯಾಕೆ ಬರಬೇಕು? ಮಕ್ಕಳಿಗೆ ಒಳ್ಳೆಯ ಶಾಲೆ ಇದ್ದರೆ ಬರುತ್ತಾರೆ. ಈ ಲೆಕ್ಕವನ್ನು ಮಿಲ್ಲರ್ ಮುಚ್ಚಿಟ್ಟವರೂ ಅಲ್ಲ. ನಾವು ಬಂದದ್ದೂ ಹಾಗೇ ಅಲ್ವಾ? ಆದರೆ ಲಾಭದ ಲೆಕ್ಕ ಮಾತ್ರ ಇದ್ದಿದ್ದರೆ ಅವರು ಅಷ್ಟಕ್ಕೇ ನಿಲ್ಲುತ್ತಿದ್ದರು. 1960ರ ದಶಕದ ಮೊದಲಲ್ಲಿ ಅವರು ಅಮೆರಿಕದ ಚರ್ಚುಗಳ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷರಾಗಿದ್ದರು. ಕರಿಯರ ಹಕ್ಕುಗಳಿಗಾಗಿ 1963ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಆ ದೊಡ್ಡ ಮೆರವಣಿಗೆಯ ಹಿಂದೆ ಅವರ ಕೈಯೂ ಇತ್ತು. ಲಾರಿ ಎಂಜಿನ್ ಮಾರುವವರಿಗೆ ಇದರಿಂದ ಗಿರಾಕಿ ಹೆಚ್ಚುವುದು ಅಷ್ಟರಲ್ಲೇ ಇದೆ.

ಹಾಗಂತ ಕಂಪನಿಯನ್ನು ದೇವರ ಪಟದ ಪಕ್ಕ ಇಡಬೇಕಾಗಿಲ್ಲ. ಪಿಕಪ್ ಟ್ರಕ್ಕುಗಳ ಎಂಜಿನ್‌ನಲ್ಲಿ ಹೊಗೆ ಪರೀಕ್ಷೆಗೆ ಮೋಸ ಮಾಡುವ ಸಾಫ್ಟ್‌ವೇರ್ ಇತ್ತು ಅನ್ನುವ ಆರೋಪದ ಮೇಲೆ ಅದು ಅಮೆರಿಕ ಸರ್ಕಾರಕ್ಕೂ ಕ್ಯಾಲಿಫೋರ್ನಿಯಾ ರಾಜ್ಯಕ್ಕೂ ಸೇರಿ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ತಪ್ಪು ಮಾಡಿದ್ದೇವೆ ಅಂತ ಮಾತ್ರ ಒಪ್ಪಲಿಲ್ಲ. ಊರಿಗೆ ಒಳ್ಳೆಯ ಶಾಲೆ ಕೊಟ್ಟದ್ದೂ ನಿಜ, ಈ ದಂಡವೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ.

ಈಗಿನ ಕಾಲದ್ದೂ ಒಂದು ಹೇಳಿಬಿಡುತ್ತೇನೆ. ನೌಕರರು ವರ್ಷಕ್ಕೆ ಕನಿಷ್ಠ ನಾಲ್ಕು ಗಂಟೆ, ಕೆಲಸದ ಹೊತ್ತಿನಲ್ಲೇ, ಊರಿನ ಸೇವೆ ಮಾಡಬಹುದು. ಯಜಮಾನರು ಹೋದ ವರ್ಷ ಬೇಲಿಗೆ ಬಣ್ಣ ಹೊಡೆಯಲು ಹೋಗಿದ್ದರು. ಮನೆಯಲ್ಲಿ ಒಂದು ಮೊಳೆ ಹೊಡೆಯದ ಮನುಷ್ಯ! ಬೇಲಿಗಿಂತ ಪ್ಯಾಂಟಿಗೆ ಜಾಸ್ತಿ ಬಣ್ಣ ಬಿದ್ದಿತ್ತು.

ನಮ್ಮದೇ ಮೆಚ್ಚಿನ ಜಾಗ ಲೈಬ್ರರಿ. ಐ. ಎಂ. ಪೇ ಮಾಡಿದ್ದು, 1969ರದು. ಮುಂದಿನ ಅಂಗಳದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಕಮಾನು, ಸುಮಾರು 20 ಅಡಿ ಎತ್ತರ. ಮಿಲ್ಲರ್ ದಂಪತಿ ಕೊಟ್ಟ ಉಡುಗೊರೆ. ದೊಡ್ಡವರು ಅದನ್ನು ಕಲೆ ಅಂತ ನೋಡುತ್ತಾರೆ. ನನ್ನ ಮಗಳಿಗೆ ಅದು ಕಣ್ಣಾಮುಚ್ಚಾಲೆಯ ಕಂಬ.

ಮಾವನವರು ಬಂದಾಗ ಇದನ್ನೆಲ್ಲ ಉತ್ಸಾಹದಿಂದ ತೋರಿಸಿದೆ. ಅವರಿಗೆ ಒಂದೇ ಅನುಮಾನ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಓದಿ ಬೆಳೆದವರು ಅವರು. "ಕೊಟ್ಟವರ ಹೆಸರು ಎಲ್ಲಿ ಹಾಕಿದ್ದಾರಮ್ಮಾ?" ಅಂತ ಹೋದಲ್ಲೆಲ್ಲ ಕೇಳಿದರು. ಕೊನೆಗೆ ವೆಂಚುರಿಯ ಫೈರ್ ಸ್ಟೇಷನ್ ಮುಂದೆ ಕಾರು ನಿಲ್ಲಿಸಿದೆ. ಅಲ್ಲಿ ನೀರಿನ ಪೈಪು ಒಣಗಿಸುವ ಎತ್ತರದ ಗೋಪುರ ಇದೆ. ಮಾವ ಕನ್ನಡಕ ಸರಿಮಾಡಿಕೊಂಡು ಕೆಳಗಿನಿಂದ ಮೇಲಿನವರೆಗೆ ನೋಡಿದರು. ತುದಿಯಲ್ಲಿ ದೊಡ್ಡದಾಗಿ ಇದ್ದದ್ದು 4, ಅಷ್ಟೇ.