ಎರಡನೆಯ ವಿಷಯವಾಗಿ ನಾನು ಸಂವಹನವನ್ನು ಆರಿಸಿಕೊಂಡಿದ್ದೆ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ತಾಯಂದಿರ ಆರೋಗ್ಯದ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಕ್ಷೇತ್ರ ಸಂಯೋಜಕನಾಗಿದ್ದೇನೆ. ನನ್ನ ಪದವಿಯ ಮುಖ್ಯ ವಿಷಯ ಆರೋಗ್ಯ ಸಂವರ್ಧನೆ, ಅಂದರೆ ಹೆಲ್ತ್ ಪ್ರಮೋಷನ್. ಅದರ ಜೊತೆಗೆ ಇನ್ನೊಂದು ಅಧ್ಯಯನ ಕ್ಷೇತ್ರವನ್ನು ಆರಿಸಿಕೊಳ್ಳಬೇಕಿತ್ತು. ಪೌಷ್ಟಿಕ ಆಹಾರ, ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ಸಂವಹನ ಎಂಬ ನಾಲ್ಕರಲ್ಲಿ ನಾನು ಸಂವಹನಕ್ಕೆ ಗುರುತು ಹಾಕಿದೆ. ಜನರಿಗೆ ತಿಳಿಸಿ ಹೇಳುವುದೇ ನಮ್ಮ ಕೆಲಸವಾದ ಮೇಲೆ, ಚೆನ್ನಾಗಿ ಹೇಳುವುದನ್ನು ಕಲಿತರೆ ಸಾಕೆಂದು ಆಗ ಅನಿಸಿತ್ತು. ಲೆಕ್ಕದ ಪತ್ರಿಕೆಯಿಂದ ತಪ್ಪಿಸಿಕೊಳ್ಳುವ ಆಸೆಯೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಕೆಲಸಕ್ಕೆ ಸೇರಿದ ಆರಂಭದಲ್ಲಿ ನನ್ನ ಪಾಲಿಗೆ ಬಂದದ್ದು ಗರ್ಭಿಣಿಯರ ರಕ್ತಹೀನತೆ. ಗರ್ಭಿಣಿಯ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಅದನ್ನು ತಡೆಯಲು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕಾದ, ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ಆಶಾ ಕಾರ್ಯಕರ್ತೆಯರು ಮನೆಗೇ ತಲುಪಿಸುತ್ತಾರೆ. ನಾನು ಭಿತ್ತಿಪತ್ರ ಬರೆಸಿದೆ, ಅಂಗನವಾಡಿಯಲ್ಲಿ ಹಾಡು ಹಾಡಿಸಿದೆ, ಮಾತ್ರೆ ನುಂಗಿ ಕೂಡಲೇ ಚಹಾ ಕುಡಿಯಬೇಡಿ ಎಂದು ನಮ್ಮ ಕಡೆಯ ಮಾತಿನಲ್ಲೇ ಧ್ವನಿಮುದ್ರಿಕೆ ಮಾಡಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಾತ್ರೆ ನುಂಗುವವರ ಶೇಕಡಾವಾರು ಪ್ರಮಾಣ ಏರಿತು. ನಾನು ಅದನ್ನು ಭಿತ್ತಿಪತ್ರದ ಫಲವೆಂದು ವರದಿಯಲ್ಲಿ ಬರೆದೆ, ಮೇಲಿನವರು ಮೆಚ್ಚಿಕೊಂಡರು.

ಅದು ಫೆಬ್ರುವರಿಯ ಮಾತು. ಮಾರ್ಚ್‌ನಲ್ಲಿ ಒಣಬೇಸಾಯದ ಒಂದು ಊರಿಗೆ ಹೋದಾಗ ಓಣಿಯಲ್ಲಿ ಸಾಲಾಗಿ ಬೀಗ ಹಾಕಿದ ಮನೆಗಳಿದ್ದವು. ಕೆಲವಕ್ಕೆ ಬೀಗವೂ ಇಲ್ಲದೆ ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಇಟ್ಟಿದ್ದರು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯನ್ನು ಸೊಸೆ ಎಲ್ಲಿ ಎಂದು ಕೇಳಿದೆ. "ದುಡಿಯಾಕ ಬೆಂಗಳೂರಿಗೆ ಹೋಗ್ಯಾರಪ್ಪಾ, ಕಾರಹುಣ್ಣಿವಿಗೆ ಬರ್ತಾರ" ಎಂದವಳು ಒಳಗೆ ಹೋಗಿ, ನೆಲುವಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಗಿಟ್ಟಳು. ಅದರಲ್ಲಿದ್ದ ಕೆಂಪು ಮಾತ್ರೆಯ ಹಾಳೆಗಳಲ್ಲಿ ಒಂದೂ ಗುಳ್ಳೆ ಒಡೆದಿರಲಿಲ್ಲ. ಆಶಾ ಅವರ ಪುಸ್ತಕದಲ್ಲಿ ಆ ಸೊಸೆಯ ಹೆಸರಿನ ಮೇಲೆ ಗೆರೆ ಎಳೆದಾಗಿತ್ತು, ಏಕೆಂದರೆ ಆಕೆ ಊರಿನಲ್ಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಸುಲಭವಾಗಲೆಂದು ಒಂದು ಊರಿನಲ್ಲಿ 40 ಗರ್ಭಿಣಿಯರಿದ್ದು, ಅವರಲ್ಲಿ 20 ಜನ ಮಾತ್ರೆ ನುಂಗುತ್ತಾರೆ ಎಂದಿಟ್ಟುಕೊಳ್ಳೋಣ, ಅದು ಶೇ. 50. ಗುಳೆ ಹೋದ 12 ಜನರಲ್ಲಿ ನುಂಗುವವರು ಇಬ್ಬರೇ, ನುಂಗದವರು 10 ಜನ. ಉಳಿದ 28 ಜನರಲ್ಲಿ ನುಂಗುವವರು 18, ಅಂದರೆ ಸುಮಾರು ಶೇ. 64. ಒಬ್ಬಳೂ ಹೊಸದಾಗಿ ಮಾತ್ರೆಗೆ ಕೈಹಾಕಲಿಲ್ಲ, ಆದರೂ ಪ್ರಮಾಣ ಏರಿತು. ಗುಳೆ ಹೋಗುವವರು ಹೊಲವಿಲ್ಲದ, ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಕೂಲಿಗೆ ನಡೆಯುವ ಮನೆಯವರು. ಅಂಗನವಾಡಿಯ ಹಾಡಾಗಲಿ ನನ್ನ ಭಿತ್ತಿಪತ್ರವಾಗಲಿ ಅವರನ್ನು ಮುಟ್ಟಿಯೇ ಇರಲಿಲ್ಲ. ಯಾರನ್ನು ತಲುಪಬೇಕಿತ್ತೋ ಅವರೇ ಲೆಕ್ಕದಿಂದ ಹೊರಗುಳಿದಿದ್ದರು, ಅವರು ಹೊರಗುಳಿದದ್ದರಿಂದಲೇ ನನ್ನ ವರದಿ ಚೆಂದ ಕಂಡಿತ್ತು. ಭಾಗಲಬ್ಧವನ್ನು ನೋಡುವ ಮೊದಲು ಭಾಜಕವನ್ನು ನೋಡಬೇಕೆಂದು ಸಂಖ್ಯಾಶಾಸ್ತ್ರದ ಮೇಷ್ಟ್ರು ಮೊದಲ ವಾರದಲ್ಲೇ ಕಲಿಸುತ್ತಿದ್ದರೇನೋ.

ಸಂವಹನ ಕಲಿತದ್ದು ದಂಡವಾಯಿತೆಂದು ನಾನು ಹೇಳುತ್ತಿಲ್ಲ. ಆ ಧ್ವನಿಮುದ್ರಿಕೆಯನ್ನು ಇಂದಿಗೂ ಬಳಸುತ್ತೇವೆ. ಆದರೆ ಆರೋಗ್ಯ ಸಂವರ್ಧನೆಯ ಪಾಠದಲ್ಲೇ ಸಂವಹನ ಸಾಕಷ್ಟಿತ್ತು, ಅದನ್ನೇ ನಾನು ಎರಡನೆಯ ಬಾರಿ ಓದಿದೆ. ನಮ್ಮ ಕ್ಷೇತ್ರಕ್ಕೆ ಬುನಾದಿಯಾದ, ವಿಶ್ವ ಆರೋಗ್ಯ ಸಂಸ್ಥೆಯ 1986ರ ಒಟ್ಟಾವಾ ಸನ್ನದು ಐದು ಬಗೆಯ ಕೆಲಸಗಳನ್ನು ಹೇಳುತ್ತದೆ: ಆರೋಗ್ಯಕ್ಕೆ ಹಿತವಾದ ಸಾರ್ವಜನಿಕ ನೀತಿ, ಪೂರಕ ಪರಿಸರ, ಸಮುದಾಯದ ಕಾರ್ಯಶಕ್ತಿ, ವ್ಯಕ್ತಿಯ ಕೌಶಲ ಮತ್ತು ಆರೋಗ್ಯ ಸೇವೆಗಳ ದಿಕ್ಕು ಬದಲಿಸುವುದು. ತಿಳಿವಳಿಕೆ ಕೊಡುವುದು ಮುಖ್ಯವಾಗಿ ಇವುಗಳಲ್ಲಿ ಒಂದಕ್ಕೆ ಸೇರುತ್ತದೆ. ನಮ್ಮ ರಾಯಚೂರು, ಕೊಪ್ಪಳದ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರುತ್ತದೆ. ಬೇರೆ ನೀರೇ ಇಲ್ಲದ ಊರಿನಲ್ಲಿ ಆ ನೀರು ಕುಡಿಯಬೇಡಿ ಎಂದು ಗೋಡೆಗೆ ಬರೆಸಿದರೆ ಓದಿದವರು ನಗುತ್ತಾರೆ. ಅಲ್ಲಿ ನೀರಿನ ವಿಷಯ ಬಲ್ಲವರು, ಪಂಚಾಯಿತಿಯ ಅನುದಾನದ ದಾರಿ ಬಲ್ಲವರು ಬೇಕು.

ಹಾಗಾಗಿ ಕ್ಷೇತ್ರಕಾರ್ಯಕ್ಕೆಂದು ಬರುವ ವಿದ್ಯಾರ್ಥಿಗಳು ಎರಡನೆಯ ವಿಷಯ ಯಾವುದಿರಲಿ ಎಂದು ಕೇಳಿದರೆ, ಮುಖ್ಯ ವಿಷಯದ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಅದರಲ್ಲಿ ಏನಿಲ್ಲ ಎಂಬುದನ್ನು ಮೊದಲು ಹುಡುಕಲು ಹೇಳುತ್ತೇನೆ. ಗೆಳತಿ ತೆಗೆದುಕೊಂಡಳೆಂದು, ಅಂಕ ಸುಲಭವಾಗಿ ಬರುತ್ತದೆಂದು ಆರಿಸಿಕೊಂಡವರು ನನ್ನಂತೆಯೇ ಕೆಲಸಕ್ಕೆ ಬಂದ ಮೇಲೆ ಕಲಿಯಬೇಕಾಗುತ್ತದೆ. ವರದಿ ಕೊಡುವ ದಿನ ತಲೆಯ ಮೇಲಿರುವಾಗ ಲೆಕ್ಕ ಕಲಿಯುವುದು ಸುಖದ ಕೆಲಸವಲ್ಲ. ಅಡುಗೆಮನೆ, ಊಟ, ಬಾಣಂತನ ಎಂದರೆ ಕಿವಿ ನಿಮಿರುವವರು ಪೌಷ್ಟಿಕ ಆಹಾರದ ವಿಷಯವನ್ನು ಹಿಡಿದರೂ ನನಗೆ ತಕರಾರಿಲ್ಲ. ಆದರೆ ತಿಂಗಳ ವರದಿ ಬರೆಯುವ ಹುದ್ದೆಯ ಮೇಲೆ ಕಣ್ಣಿದ್ದವರಿಗೆ ಸಂಖ್ಯಾಶಾಸ್ತ್ರವನ್ನೇ ಹೇಳುತ್ತೇನೆ.

ಆ ವರ್ಷವೇ ನಾನು ಹಳೆಯ ವರದಿಯನ್ನು ತಿದ್ದಿ ಕಳಿಸಿದೆ. ಮೆಚ್ಚುಗೆ ಹೇಳಿದ್ದವರಿಂದ ಅದಕ್ಕೆ ಉತ್ತರ ಬರಲಿಲ್ಲ. ನಮ್ಮ ಅಚ್ಚಾದ ನಮೂನೆಯಲ್ಲಿ ಗುಳೆ ಹೋದವರಿಗೆಂದು ಈಗಲೂ ಪ್ರತ್ಯೇಕ ಅಂಕಣವಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆಯರು ಹೆಸರಿನ ಮೇಲೆ ಗೆರೆ ಎಳೆಯುವುದನ್ನು ಬಿಟ್ಟು, ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಗು' ಎಂದು ಬರೆದು, ಪಕ್ಕದಲ್ಲಿ ಮಾತ್ರೆ ಒಯ್ದಿದ್ದಾಳೋ ಇಲ್ಲವೋ ಎಂದು ಗುರುತು ಹಾಕುತ್ತಾರೆ.