ಧಾರವಾಡದ ಮಳೆಗಾಲಕ್ಕೆ ಏರ್ ರೈಫಲ್ ಮೇಜು

ಜಿಟಿಜಿಟಿ ಮಳೆ ಹಿಡಿಯಿತೆಂದರೆ ಧಾರವಾಡದ ಹಳೇ ಮನೆಗಳ ಗೋಡೆ ಬೆವರುತ್ತವೆ. ರೈಫಲ್ ಬಿಚ್ಚುವ ಮೇಜನ್ನು ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ.

ತುಕ್ಕು ತಡೆಯಲು ಮೊದಲು ತರಬೇಕಾದ್ದು ಎಣ್ಣೆಯಲ್ಲ, ಗಾಳಿಯ ತೇವಾಂಶ ಮಾಪಕ. ಅಗ್ಗದ ಮಾಪಕ ಸುಳ್ಳು ಹೇಳುತ್ತದೆ, ಹಾಗಾಗಿ ಪರೀಕ್ಷಿಸಲೇಬೇಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಹನಿಸಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇಕಡಾ 75 ತೋರಿಸಬೇಕು. 69 ಬಂದರೆ ಮುಂದೆ ಪ್ರತಿ ಸಲ 6 ಕೂಡಿಸಿ ಓದಿ. ಕಪಾಟಿನೊಳಗೆ 50ರ ಆಸುಪಾಸು ಇದ್ದರೆ ನೆಮ್ಮದಿ.

ಕಪಾಟಿನ ತೇವ ಹೀರುವ ಹರಳು, ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದೇ ತನ್ನಿ. ನೀಲಿಯದರಲ್ಲಿರುವ ಕೋಬಾಲ್ಟ್ ಆರೋಗ್ಯಕ್ಕೆ ಕೆಟ್ಟದ್ದು. ಕಿತ್ತಳೆಯದು ತೇವ ಕುಡಿದು ಹಸಿರಾದ ಮೇಲೆ ಅಡುಗೆಗೆ ಬಳಸದ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ತಾಸು ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ರೈಫಲನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುವುದಂತೂ ಬೇಡವೇ ಬೇಡ. ಸ್ಪಂಜು ತೇವ ಹಿಡಿದು ಬ್ಯಾರಲ್ಲಿಗೇ ಒತ್ತುತ್ತದೆ.

ತುಕ್ಕು ಹೆಚ್ಚಾಗಿ ಶುರುವಾಗುವುದು ಬೆವರಿನ ಬೆರಳಚ್ಚಿನಿಂದ. ಹೊರಮೈಯನ್ನು ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ. ಸ್ಪ್ರಿಂಗ್ ರೈಫಲ್ಲಿನ ಗಾಳಿ ಒತ್ತುವ ಕೊಳವೆಯೊಳಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ: ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿ ಸೀಲು ಸುಡುತ್ತದೆ, ಸ್ಪ್ರಿಂಗೂ ಮುರಿಯಬಹುದು.

4.5 ಮಿ.ಮೀ. ಸೀಸದ ಪೆಲೆಟ್‌ಗಳ (ಏರ್ ರೈಫಲ್ಲಿನ ಪುಟ್ಟ ಗುಂಡುಗಳ) ಮೇಲೆ ಬಿಳಿ ಪುಡಿ ಕಂಡರೆ ಅದು ಸೀಸದ ಕಿಲುಬು, ವಿಷ. ಆ ಡಬ್ಬಿ ಬಳಸಬೇಡಿ. ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ಚಹಾ.