ಊರೆಲ್ಲ ಬರೆದ ಫೈಲಿಗೆ ಒಂದೇ ರೂಪ

ಸಸ್ಯಗಳ ಬಗ್ಗೆ ಒಂದು ತರಬೇತಿ ಕೈಪಿಡಿ ಬರುತ್ತದೆ. ಅದರ ಅಧ್ಯಾಯಗಳನ್ನು ಬೇರೆ ಬೇರೆ ಜನ ವರ್ಡ್‌ನಲ್ಲಿ ಬರೆದು ಕಳಿಸುತ್ತಾರೆ. ಅವನ್ನೆಲ್ಲ ಸೇರಿಸಿ, ಒಬ್ಬರೇ ಬರೆದ ಪುಸ್ತಕದ ಹಾಗೆ ಕಾಣುವಂತೆ ಮಾಡುವುದು ನನ್ನ ಕೆಲಸ. ಬರವಣಿಗೆ ತಿದ್ದುವುದು ಇನ್ನೊಬ್ಬರ ಪಾಲು. ನನ್ನದು ಬರೀ ರೂಪ.

ಬರೆಯುವವರ ಅಭ್ಯಾಸಗಳು ಒಂದೊಂದು ಥರ. ಒಬ್ಬರು ತಲೆಬರಹವನ್ನು ನಡುವಿಗೆ ತರಲು ಸ್ಪೇಸ್ ಬಾರ್ ಒತ್ತುತ್ತಲೇ ಹೋಗುತ್ತಾರೆ. ಇನ್ನೊಬ್ಬರು ಹೊಸ ಪುಟ ಬರುವ ತನಕ ಎಂಟರ್ ಬಿಡುವುದಿಲ್ಲ. ಮತ್ತೊಬ್ಬರಿಗೆ ಪಟ್ಟಿಯ ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡಿದರೆ ಸಮಾಧಾನ. ಅವರ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅಕ್ಷರದ ಅಳತೆ ಒಂದೇ ಒಂದು ಪಾಯಿಂಟ್ ಬದಲಾಗಲಿ, ತಲೆಬರಹ ಒಂದು ಪುಟದಲ್ಲಿ, ಅದರ ಮಾತು ಇನ್ನೊಂದು ಪುಟದಲ್ಲಿ.

ಇಂಥ ಫೈಲ್ ಕೈಗೆ ಬಂದಾಗ ಎಲ್ಲರೂ ಕೊಡುವ ಸಲಹೆ ಒಂದೇ: ಪೂರ್ತಿ ಸೆಲೆಕ್ಟ್ ಮಾಡಿ ಒಂದು ಫಾಂಟ್ ಹಾಕಿಬಿಡಿ. ಹಾಗೆ ಮಾಡಿದರೆ ಕೊಳೆಯ ಮೇಲೆ ಸುಣ್ಣ ಬಳಿದಂತೆ. ಹಳೆಯ ಅಂತರ, ಹಳೆಯ ಇಂಡೆಂಟ್ (ಅಂಚಿನಿಂದ ಸಾಲನ್ನು ಒಳಗೆ ಸರಿಸಿದ ಜಾಗ) ಎಲ್ಲ ಅಡಿಯಲ್ಲಿ ಹಾಗೇ ಉಳಿದಿರುತ್ತವೆ. ಒಂದು ಕಡೆಯ ರೂಪವನ್ನು ಇನ್ನೊಂದು ಕಡೆಗೆ ಬಳಿಯುವ ಫಾರ್ಮ್ಯಾಟ್ ಪೇಂಟರ್ ಬ್ರಷ್ಷೂ ನನಗೆ ಇಷ್ಟವಿಲ್ಲ. ಎರಡು ಪುಟಕ್ಕಾದರೆ ಸರಿ, ಇನ್ನೂರು ಪುಟಕ್ಕೆ ಅದನ್ನು ಹಿಡಿದು ಕೂತರೆ ಬೆರಳು ಸೋಲುತ್ತದೆ. ನಾಳೆ ಯಾರಾದರೂ ‘ತಲೆಬರಹ ಸ್ವಲ್ಪ ಚಿಕ್ಕದಾಗಲಿ’ ಅಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ನಾನು ಮಾಡುವುದು ಬೇರೆ. ಒಂದು ಸಾಲು ಹೇಗೆ ಕಾಣಬೇಕು ಅನ್ನುವುದು ಆಮೇಲಿನ ಮಾತು. ಮೊದಲು ಅದು ಏನು ಅಂತ ಯಂತ್ರಕ್ಕೆ ಹೇಳಬೇಕು. ಇದು ಅಧ್ಯಾಯದ ಹೆಸರು, ಇದು ಒಳಗಿನ ತಲೆಬರಹ, ಇದು ಸಾದಾ ಪ್ಯಾರಾ, ಇದು ಚಿತ್ರದ ಕೆಳಗಿನ ಸಾಲು. ಸ್ಟೈಲ್ ಅನ್ನುವುದು ಇದಕ್ಕೇ ಇರುವುದು. ಹೆಸರು ಕೊಟ್ಟಾದ ಮೇಲೆ ರೂಪವನ್ನು ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ.

ಇಲ್ಲಿ ಕೆಲಸದ ಕ್ರಮ ಮುಖ್ಯ. ಹಳೆಯ ಅಲಂಕಾರವನ್ನು ಮೊದಲೇ ಅಳಿಸಿಬಿಟ್ಟರೆ ಯಾವುದು ತಲೆಬರಹ, ಯಾವುದು ಮಾಮೂಲಿ ಸಾಲು ಅಂತ ಗೊತ್ತೇ ಆಗುವುದಿಲ್ಲ. ಆ ಕೊಳಕು ಅಲಂಕಾರವೇ ನಮಗಿರುವ ಸುಳಿವು, ಅಲ್ವಾ? ಅದಕ್ಕೇ ಮೊದಲು ದಪ್ಪ ಅಕ್ಷರದ ಒಂದು ತಲೆಬರಹದ ಮೇಲೆ ಕರ್ಸರ್ ಇಟ್ಟು, ಹೋಮ್ ಟ್ಯಾಬ್‌ನ ಸೆಲೆಕ್ಟ್ ಮೆನುವಿನಲ್ಲಿ ಅದೇ ಬಗೆಯ ಫಾರ್ಮ್ಯಾಟ್ ಇರುವ ಎಲ್ಲ ಪಠ್ಯವನ್ನೂ ಆರಿಸುವ ಆಯ್ಕೆಯನ್ನು ಒತ್ತುತ್ತೇನೆ. ಎಲ್ಲವೂ ಒಟ್ಟಿಗೆ ಸಿಕ್ಕುತ್ತವೆ. ಕಂಟ್ರೋಲ್+ಆಲ್ಟ್+1 ಒತ್ತಿದರೆ ಅಷ್ಟಕ್ಕೂ ಹೆಡಿಂಗ್ 1 ಸ್ಟೈಲ್. ಒಳಗಿನವಕ್ಕೆ 2, 3. ಪಟ್ಟಿಗಳಿಗೂ ಈಗಲೇ ಲಿಸ್ಟ್ ಬುಲೆಟ್, ಲಿಸ್ಟ್ ನಂಬರ್ ಸ್ಟೈಲ್ ಹಾಕುತ್ತೇನೆ.

ಇನ್ನು ಅಳಿಸಬಹುದು. ಪೂರ್ತಿ ಸೆಲೆಕ್ಟ್ ಮಾಡಿ ಕಂಟ್ರೋಲ್+ಸ್ಪೇಸ್ ಒತ್ತಿದರೆ ಅಕ್ಷರಕ್ಕೆ ಕೈಯಾರೆ ಹಚ್ಚಿದ ಬಣ್ಣ, ಫಾಂಟ್, ಅಳತೆ ಹೋಗುತ್ತವೆ. ಕಂಟ್ರೋಲ್+ಕ್ಯೂ ಒತ್ತಿದರೆ ಪ್ಯಾರಾದ ಇಂಡೆಂಟ್, ಅಂತರ ಹೋಗುತ್ತವೆ. ಹೆಡಿಂಗ್ ಸ್ಟೈಲ್ ಮಾತ್ರ ಉಳಿಯುತ್ತದೆ. ಎರಡೇ ಒತ್ತು.

ಆದರೆ ಹೋಗಬಾರದ್ದೂ ಜೊತೆಗೆ ಹೋಗುತ್ತದೆ. ಸಸ್ಯಗಳ ವೈಜ್ಞಾನಿಕ ಹೆಸರುಗಳನ್ನು ಓರೆ ಅಕ್ಷರದಲ್ಲಿ ಬರೆಯುವುದು ನಿಯಮ. ನಮ್ಮ ಕೈಪಿಡಿಯಲ್ಲಿ ಅವು ಇಂಗ್ಲಿಷ್ ಲಿಪಿಯಲ್ಲಿ ಪುಟಪುಟಕ್ಕೂ ಬರುತ್ತವೆ. ಆ ಓರೆ ಅಲಂಕಾರವಲ್ಲ, ಅದಕ್ಕೆ ಅರ್ಥವಿದೆ. ಕಂಟ್ರೋಲ್+ಸ್ಪೇಸ್‌ಗೆ ಈ ವ್ಯತ್ಯಾಸ ಎಲ್ಲಿ ಗೊತ್ತು? ಹಾಗಾಗಿ ಅಳಿಸುವ ಮುಂಚೆ ಗುರುತು ಹಾಕಿಡುತ್ತೇನೆ. ಹುಡುಕಿ ಬದಲಿಸುವ ಕಿಟಕಿ ತೆರೆದು, ಹುಡುಕುವ ಜಾಗವನ್ನು ಖಾಲಿ ಬಿಟ್ಟು, ಫಾಂಟ್ ಇಟಾಲಿಕ್ ಅಂತ ಮಾತ್ರ ಕೊಡುತ್ತೇನೆ. ಬದಲಿಸುವ ಜಾಗದಲ್ಲಿ ##^&## ಅಂತ ಹಾಕುತ್ತೇನೆ. ^& ಅಂದರೆ ‘ಸಿಕ್ಕಿದ್ದನ್ನೇ ಮತ್ತೆ ಇಡು’ ಎಂದು. ಈಗ ಪ್ರತಿ ಓರೆ ಹೆಸರಿನ ಎರಡೂ ಬದಿಯಲ್ಲಿ ## ಇರುತ್ತದೆ. ನಿಶ್ಚಿಂತೆಯಿಂದ ಅಳಿಸಬಹುದು. ಅಳಿಸಿದ ಮೇಲೆ ವೈಲ್ಡ್‌ಕಾರ್ಡ್ (* ಅಂದರೆ ಯಾವ ಅಕ್ಷರಗಳಾದರೂ ಸರಿ) ಆಯ್ಕೆ ಹಾಕಿ ##(*)## ಹುಡುಕಿ, \1 ಅಂತ, ಅಂದರೆ ಆವರಣದೊಳಗೆ ಸಿಕ್ಕಿದ್ದು ಮಾತ್ರ ಉಳಿಯುವಂತೆ ಬದಲಿಸಿ, ಅದಕ್ಕೆ ಓರೆ ಅಕ್ಷರದ ಎಂಫಸಿಸ್ ಸ್ಟೈಲ್ ಕೊಡುತ್ತೇನೆ. ಗುರುತು ಹೋಯಿತು, ಓರೆ ಬಂತು. ಈ ಸಲ ಕೈಯಾರೆ ಮಾಡಿದ ಓರೆಯಲ್ಲ, ಹೆಸರಿರುವ ಓರೆ.

ಚದರ ಮೀಟರಿನ ತಲೆಯ ಮೇಲಿನ 2, ರಾಸಾಯನಿಕ ಸೂತ್ರಗಳ ಕಾಲಡಿಯ ಅಂಕಿ, ಇವಕ್ಕೂ ಇದೇ ಉಪಾಯ. ಗುರುತಿನ ಚಿಹ್ನೆ ಮಾತ್ರ ಬೇರೆ ಇರಬೇಕು.

ಖಾಲಿ ಎಂಟರ್‌ಗಳನ್ನು ತೆಗೆಯುವುದು ಸುಲಭ. ಎರಡು ಪ್ಯಾರಾ ಗುರುತು ಒಟ್ಟಿಗಿದ್ದಲ್ಲಿ ಒಂದು ಅಂತ ಬದಲಿಸುತ್ತಾ ಹೋದರೆ ಸಾಕು. ಪ್ಯಾರಾಗಳ ನಡುವಿನ ಜಾಗವನ್ನು ಸ್ಟೈಲೇ ಕೊಡುತ್ತದೆ. ಹೊಸ ಪುಟಕ್ಕೂ ಅಷ್ಟೆ. ಹೆಡಿಂಗ್ 1 ಸ್ಟೈಲ್‌ನಲ್ಲಿ ‘ಪೇಜ್ ಬ್ರೇಕ್ ಬಿಫೋರ್’ ಟಿಕ್ ಮಾಡಿದರೆ ಪ್ರತಿ ಅಧ್ಯಾಯ ತಾನಾಗಿ ಹೊಸ ಪುಟದಲ್ಲಿ ಶುರುವಾಗುತ್ತದೆ. ‘ಕೀಪ್ ವಿತ್ ನೆಕ್ಸ್ಟ್’ ಇದ್ದರೆ ತಲೆಬರಹ ಪುಟದ ಬುಡದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ.

ಕನ್ನಡದಲ್ಲಿ ಬರೆಯುವವರನ್ನು ಕಾಡುವ ಇನ್ನೊಂದು ವಿಷಯವಿದೆ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿಗೆ ಸೇರಿಸುತ್ತದೆ. ಒಂದೇ ಸ್ಟೈಲ್ ಒಳಗೆ ಇಂಗ್ಲಿಷಿಗೊಂದು ಫಾಂಟ್ ಮತ್ತು ಅಳತೆ, ಕನ್ನಡಕ್ಕೆ ಇನ್ನೊಂದು ಫಾಂಟ್ ಮತ್ತು ಅಳತೆ. ಅಳತೆ ಬದಲಿಸಿದರೂ ಕನ್ನಡ ಅಕ್ಷರ ಅಲ್ಲಾಡುತ್ತಿಲ್ಲ ಅಂತ ಜನ ಗೊಣಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸ್ಟೈಲ್ ತಿದ್ದುವ ಕಿಟಕಿಯಲ್ಲಿ ಫಾರ್ಮ್ಯಾಟ್, ಆಮೇಲೆ ಫಾಂಟ್ ಅಂತ ಒಳಗೆ ಹೋದರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ನಾನು ಎರಡನ್ನೂ ಅಲ್ಲೇ ಹೊಂದಿಸುತ್ತೇನೆ.

ಅದೇ ತಿದ್ದುವ ಕಿಟಕಿಯಲ್ಲಿ ‘ಆಟೊಮ್ಯಾಟಿಕಲಿ ಅಪ್‌ಡೇಟ್’ ಅಂತ ಒಂದು ಟಿಕ್ ಇದೆ. ಅದನ್ನು ಮುಟ್ಟಬೇಡಿ. ಅದು ಆನ್ ಇದ್ದಾಗ ಯಾರೋ ಒಂದು ತಲೆಬರಹಕ್ಕೆ ಕೆಂಪು ಬಣ್ಣ ಹಚ್ಚಿದರೆ ಪುಸ್ತಕದ ಅಂಥ ತಲೆಬರಹಗಳೆಲ್ಲ ಕೆಂಪಾಗುತ್ತವೆ.

ವರ್ಡ್ ಬದಲು ಲಿಬ್ರೆ ಆಫೀಸ್ ಅನ್ನುವ ಉಚಿತ ತಂತ್ರಾಂಶ ಬಳಸುವವರಿಗೆ ಎಫ್11 ಒತ್ತಿದರೆ ಸ್ಟೈಲ್ ಪಟ್ಟಿ, ಕಂಟ್ರೋಲ್+ಎಂ ಒತ್ತಿದರೆ ಕೈಯಾರೆ ಮಾಡಿದ್ದು ಅಳಿಯುತ್ತದೆ. 2023ರಲ್ಲಿ ಬಂದ 7.6 ಆವೃತ್ತಿಯಿಂದ ಸ್ಪಾಟ್‌ಲೈಟ್ ಅನ್ನುವ ಸೌಲಭ್ಯವೂ ಇದೆ. ಯಾವ ಪ್ಯಾರಾಕ್ಕೆ ಯಾವ ಸ್ಟೈಲ್, ಎಲ್ಲಿ ಕೈಯಾಟ ನಡೆದಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ವರ್ಡ್‌ನಲ್ಲಿ ಶಿಫ್ಟ್+ಎಫ್1 ಒತ್ತಿದರೆ ಹತ್ತಿರ ಹತ್ತಿರ ಇದೇ ಮಾಹಿತಿ ಸಿಗುತ್ತದೆ, ಆದರೆ ಒಂದು ಸಲಕ್ಕೆ ಒಂದು ಜಾಗದ್ದು ಮಾತ್ರ.

ಎಲ್ಲ ಅಧ್ಯಾಯಗಳೂ ಹೀಗೆ ಶುಚಿಯಾದ ಮೇಲೆ ಸೇರಿಸುವುದು ದೊಡ್ಡ ಮಾತಲ್ಲ. ಎಲ್ಲವನ್ನೂ ತಂದು ಸೇರಿಸುವ ಮುಖ್ಯ ಫೈಲಿನಲ್ಲಿ ಸ್ಟೈಲ್‌ಗಳನ್ನು ಬೇಕಾದ ಹಾಗೆ ಹೊಂದಿಸಿಟ್ಟಿರುತ್ತೇನೆ. ಪೇಸ್ಟ್ ಮಾಡುವಾಗ ‘ಯೂಸ್ ಡೆಸ್ಟಿನೇಷನ್ ಸ್ಟೈಲ್ಸ್’ ಆಯ್ದರೆ, ಎರಡೂ ಕಡೆ ಒಂದೇ ಹೆಸರಿನ ಸ್ಟೈಲ್ ಇದ್ದಾಗ ಮುಖ್ಯ ಫೈಲಿನ ರೂಪವೇ ಗೆಲ್ಲುತ್ತದೆ. ಕೊನೆಗೆ ಪರಿವಿಡಿ ಹಾಕುತ್ತೇನೆ. ಅದು ಓದುಗರಿಗಿಂತ ಮೊದಲು ನನಗೆ ಬೇಕು. ಇಡೀ ಪ್ಯಾರಾವೇ ಪರಿವಿಡಿಯಲ್ಲಿ ಬಂದು ಕೂತಿದ್ದರೆ ಅದಕ್ಕೆ ಹೆಡಿಂಗ್ ಅಂಟಿದೆ ಅಂತ ಅರ್ಥ. ಅಧ್ಯಾಯದ ಹೆಸರು ಕಾಣದಿದ್ದರೆ ಅಂಟಬೇಕಿದ್ದಲ್ಲಿ ಅಂಟಿಲ್ಲ. ಅವೆರಡನ್ನೂ ಸರಿಮಾಡಿ, ಪರಿವಿಡಿಯ ಮೇಲೆ ಎಫ್9 ಒತ್ತಿ, ಫೈಲನ್ನು ಮುದ್ರಣಕ್ಕೆ ಕಳಿಸುತ್ತೇನೆ.